ಕಡಲಿಗೆ ನೀಲಿ ಹಚ್ಚುವ ಮುಂಚೆ

ಕಾಸರಗೋಡು ಜಿಲ್ಲೆಯ ಉಪ್ಪಳದಲ್ಲಿ ಇಪ್ಪತ್ತು ವರ್ಷ ಅಂಗಡಿಗಳ ಬೋರ್ಡು ಬರೆದವನು ನಾನು. ಮೇಲೆ ಮಲಯಾಳ, ಕೆಳಗೆ ಕನ್ನಡ. ಫ್ಲೆಕ್ಸ್ ಬಂದು ಆ ಕೆಲಸ ಹೋಯಿತು, ಜಲವರ್ಣದಲ್ಲಿ ಕಡಲಿನ ಚಿತ್ರ ಶುರುವಾಯಿತು. ಮೊದಲ ಚಿತ್ರಕ್ಕೆ ಬೋರ್ಡಿನ ಅಭ್ಯಾಸದಲ್ಲೇ ದಟ್ಟ ನೀಲಿ ಬಳಿದಿದ್ದೆ. ದೋಣಿಗೆ ಹೋಗುವ ನೆರೆಮನೆಯವರು ನೋಡಿ, "ಇದು ಯಾವ ಊರಿನ ಕಡಲು ಮಾರಾಯ್ರೇ?" ಅಂದರು.

ಹಾಗಾಗಿ ಮೊದಲ ದಿನ ಬಣ್ಣದ ಪೆಟ್ಟಿಗೆ ಮನೆಯಲ್ಲೇ ಇರಲಿ. ಪೆನ್ಸಿಲು, ಸಣ್ಣ ಪುಸ್ತಕ ಸಾಕು. ಕಣ್ವತೀರ್ಥವೋ ಬೇಕಲವೋ, ಒಂದೇ ಜಾಗಕ್ಕೆ ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ. ನಮ್ಮ ಕಡಲು ಪಡುವಣಕ್ಕೆ. ಸಂಜೆ ಬಿಸಿಲು ಎದುರಿಗಿರುತ್ತದೆ, ದೋಣಿ ಕಪ್ಪು, ನೀರು ಬರೀ ಹೊಳಪು. ಅದನ್ನು ಎಲ್ಲರೂ ಬರೆಯುತ್ತಾರೆ. ಬೆಳಗ್ಗೆ ಬಿಸಿಲು ಬೆನ್ನಿಗೆ ಬಿದ್ದಾಗಲೇ ತೆರೆಯ ನಿಜವಾದ ಬಣ್ಣ ಕಾಣುವುದು. ಅದನ್ನು ಮನೆಮಾತಿನಲ್ಲಿ ಬರೆದಿಡಿ. ಜೂನ್ ತಿಂಗಳ ನನ್ನ ಪುಸ್ತಕದಲ್ಲಿ ಹೀಗಿದೆ: "ದಡದಲ್ಲಿ ಹಾಲು ಜಾಸ್ತಿಯಾದ ಚಾ. ಅದರಾಚೆ ಬಸಳೆ. ದೂರಕ್ಕೆ ಸ್ಲೇಟು."

ಆ ಚಾ ಬಣ್ಣ ಎಲ್ಲಿಂದ ಬಂತು? ಮಳೆಗೆ ಹೊಳೆಗಳು ಕೆಂಪು ಮಣ್ಣನ್ನು ಕಡಲಿಗೆ ತರುತ್ತವೆ, ತೆರೆ ತಳದ ಮಣ್ಣನ್ನೂ ಕದಡುತ್ತದೆ. ಹಾಗಾದರೆ ಅದೇ ಮಣ್ಣಿನಿಂದ ಬಣ್ಣ ಮಾಡಬಹುದಲ್ವಾ?

ಬಾವಿ ತೋಡಿದ ಕಡೆ ಬಿದ್ದ ಮುರಕಲ್ಲಿನ (ನಮ್ಮ ಕರಾವಳಿಯ ಕೆಂಪು ಕಲ್ಲು, ಲ್ಯಾಟರೈಟ್) ಚೂರು ತನ್ನಿ. (ಬೇಕಲ ಕೋಟೆಯೂ ಮುರಕಲ್ಲಿನದೇ, ಆದರೆ ಅದರ ಗೋಡೆ ಕೆರೆಯಬೇಡಿ!) ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿದು, ನೀರಿಗೆ ಹಾಕಿ ಕದಡಿ. ಅರ್ಧ ನಿಮಿಷ ಬಿಡಿ. ಮರಳು ಕೆಳಗೆ ಕೂರುತ್ತದೆ. ಮೇಲಿನ ಕೆಂಪು ನೀರನ್ನಷ್ಟೇ ಬೇರೆ ಪಾತ್ರೆಗೆ ಬಗ್ಗಿಸಿ. ಮಾರನೇ ದಿನ ತಳದಲ್ಲಿ ನುಣ್ಣನೆ ಕೆಸರು ಸಿಗುತ್ತದೆ. ಅದನ್ನು ಒಣಗಿಸಿ. ಗಮ್ ಅರಾಬಿಕ್ (ಜಾಲಿ ಜಾತಿಯ ಮರದ ಅಂಟು) ಒಂದು ಪಾಲು, ಬಿಸಿನೀರು ಎರಡು ಪಾಲು ಕರಗಿಸಿ, ಎರಡು ಹನಿ ಜೇನು ಸೇರಿಸಿ, ಪುಡಿಯನ್ನು ಗಾಜಿನ ಮೇಲೆ ಅದರಲ್ಲಿ ಅರೆಯಿರಿ. ಅವಸರ ಮಾಡಿದರೆ ಕಾಗದದ ಮೇಲೆ ಹರಳು ಹರಳಾಗುತ್ತದೆ. ಇದರ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸುವುದಿಲ್ಲ.

ಅಲ್ಟ್ರಾಮರೀನ್ ನೀಲಿಗೆ ಈ ಕೆಂಪನ್ನು ಸ್ವಲ್ಪ ಸೇರಿಸಿದರೆ ಮಳೆಗಾಲದ ಬೂದು ಬರುತ್ತದೆ. ಕೆಂಪು ಹೆಚ್ಚಿಸಿ, ನೀರು ಜಾಸ್ತಿ ಮಾಡಿದರೆ ದಡದ ಚಾ. ಕಾಗದ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ ದಪ್ಪ ಕಾಗದ) ಇರಲಿ, ತೆಳುವಾದದ್ದು ಹಪ್ಪಳದ ಹಾಗೆ ಸೊಟ್ಟಗಾಗುತ್ತದೆ. ನೊರೆಗೆ ಬಿಳಿ ಬಣ್ಣ ಹಚ್ಚಬೇಡಿ, ಸುಮ್ನೆ ಕಾಗದವನ್ನೇ ಖಾಲಿ ಬಿಡಿ. ಜಲವರ್ಣ ಒಣಗಿದಾಗ ತಿಳಿಯಾಗುತ್ತದೆ. ಹಾಗಾಗಿ ಹಸಿಯಲ್ಲಿ ತುಸು ಗಾಢ ಅನ್ನಿಸಿದರೂ ಹೆದರಬೇಡಿ.

ಮಳೆಗಾಲದಲ್ಲಿ ಒಣಗಿಸುವುದೇ ದೊಡ್ಡ ತಲೆನೋವು. ನಾನೊಮ್ಮೆ ಬಚ್ಚಲು ಒಲೆಯ ಮೇಲೆ ಹಗ್ಗ ಕಟ್ಟಿ ನೇತುಹಾಕಿದೆ. ಹೊಗೆ ತಾಗಿ ಚಿತ್ರದ ಆಕಾಶವೆಲ್ಲ ಮಾಂಬಳದ (ಒಣಗಿಸಿದ ಮಾವಿನ ರಸದ) ಬಣ್ಣಕ್ಕೆ ತಿರುಗಿತು. ಫ್ಯಾನಿನ ಕೆಳಗೆ ಹಾಸಿ, ಕರೆಂಟಿಗೆ ಕಾಯಿರಿ.