ಪುಸ್ತಕ ಮುಚ್ಚಿಟ್ಟು ಓದುವುದು ಹೇಗೆ?

ರಾತ್ರಿಯಿಡೀ ಓದಿದ್ದು ಪರೀಕ್ಷೆಯಲ್ಲಿ ಕೈಕೊಟ್ಟಿದೆಯೇ? ಆ ಪುಟ ಕಣ್ಣಿಗೆ ಕಟ್ಟಿದಂತಿರುತ್ತದೆ. ಯಾವ ಸಾಲಿಗೆ ಹಳದಿ ಬಣ್ಣ ಬಳಿದಿದ್ದೆವು ಅನ್ನೋದೂ ನೆನಪಿರುತ್ತದೆ. ಉತ್ತರ ಮಾತ್ರ ಬರುವುದಿಲ್ಲ. ಇದು ದಡ್ಡತನವಲ್ಲ. ನಾಲ್ಕು ಸಲ ಓದಿದ ಪುಟ ಪರಿಚಿತವಾಗುತ್ತದೆ, ಆ ಪರಿಚಯವನ್ನೇ ನಾವು ‘ನನಗೆ ಬರುತ್ತೆ’ ಅಂದುಕೊಳ್ಳುತ್ತೇವೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕಿ 2006ರಲ್ಲಿ ಇದನ್ನು ಕಾಲೇಜು ವಿದ್ಯಾರ್ಥಿಗಳಲ್ಲೇ ಪರೀಕ್ಷಿಸಿ ನೋಡಿದರು. 5 ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೆನಪಿನಿಂದ ಬರೆದು ಅಭ್ಯಾಸ ಮಾಡಿದವರಿಗೆ ಜಾಸ್ತಿ ನೆನಪಿತ್ತು. ನಿಮ್ಮ ಪರೀಕ್ಷೆ 5 ನಿಮಿಷಕ್ಕೆ ಬರುವುದಿಲ್ಲ, ಅಲ್ವಾ?

ಹಾಗಾಗಿ ಮೊದಲ ಕೆಲಸ ಇದು. ಒಂದು ಭಾಗ ಓದಿ, ಪುಸ್ತಕ ಮುಚ್ಚಿ, ಖಾಲಿ ಹಾಳೆ ತೆಗೆದುಕೊಳ್ಳಿ. ಮೂತ್ರಪಿಂಡದ ಪಾಠ ಅಂತಿಟ್ಟುಕೊಳ್ಳಿ. ಅದರಲ್ಲಿ ರಕ್ತ ಸೋಸುವ ಸೂಕ್ಷ್ಮ ನಳಿಕೆಯಾದ ನೆಫ್ರಾನ್ ಚಿತ್ರ ಬಿಡಿಸಲು ಶುರು ಮಾಡುತ್ತೀರಿ. ಬಟ್ಟಲಿನಂಥ ತುದಿಯಾದ ಬೋಮನ್ ಕೋಶ ಸಲೀಸಾಗಿ ಬರುತ್ತದೆ. ನಳಿಕೆ ಇಳಿದು ಬಾಗಿ ಮತ್ತೆ ಏರುವ ಹೆನ್ಲೆ ಕುಣಿಕೆಗೆ ಬರುವಾಗ ಪೆನ್ನು ನಿಲ್ಲುತ್ತದೆ: ನೀರು ಹೊರಹೋಗುವುದು ಇಳಿಯುವ ಕವಲಿನಲ್ಲೋ, ಏರುವ ಕವಲಿನಲ್ಲೋ? ತಕ್ಷಣ ಪುಸ್ತಕ ತೆರೆಯಬೇಡಿ. ಒಂದು ನಿಮಿಷ ತಡಕಾಡಿ, ಏನನ್ನಿಸುತ್ತದೋ ಬರೆಯಿರಿ. ಆಮೇಲೆ ತೆರೆದು ನೋಡಿ, ಕೆಂಪು ಪೆನ್ನಿನಲ್ಲಿ ತಿದ್ದಿ. ನೀರು ಹೋಗುವುದು ಇಳಿಯುವ ಕವಲಿನಲ್ಲಿ. ಹೀಗೆ ತಡಕಾಡಿ ತಿದ್ದಿಕೊಂಡದ್ದು ಸುಲಭಕ್ಕೆ ಮರೆಯುವುದಿಲ್ಲ. ಶುರುವಿನಲ್ಲಿ ಹಾಳೆ ತುಂಬ ಕೆಂಪೇ ಕಾಣುತ್ತದೆ, ಹೆದರಬೇಡಿ. ನಾಳೆ ಎಲ್ಲಿಂದ ಓದಬೇಕು ಅನ್ನೋದನ್ನು ಆ ಕೆಂಪು ಗುರುತುಗಳೇ ಹೇಳುತ್ತವೆ.

ಎರಡನೆಯದು, ಅದೇ ಪಾಠಕ್ಕೆ ದಿನ ಬಿಟ್ಟು ವಾಪಸ್ ಬರುವುದು. ಮರೆವನ್ನು ಅಳೆಯಲು ಹೊರಟ ಜರ್ಮನಿಯ ಮನಶ್ಶಾಸ್ತ್ರಜ್ಞ ಹರ್ಮನ್ ಎಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, 1885ರಲ್ಲಿ ಫಲಿತಾಂಶ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರು, ಆಮೇಲೆ ನಿಧಾನ. ಆದ್ದರಿಂದ ಮರುದಿನ ಒಮ್ಮೆ, ಮೂರ್ನಾಲ್ಕು ದಿನ ಬಿಟ್ಟು ಒಮ್ಮೆ, ವಾರ ಕಳೆದ ಮೇಲೆ ಮತ್ತೊಮ್ಮೆ ಖಾಲಿ ಹಾಳೆ ಹಿಡಿಯಿರಿ. ಪ್ರತಿ ಸಲ ಹತ್ತು ಹದಿನೈದು ನಿಮಿಷ ಸಾಕು.

ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಪರೀಕ್ಷೆಯ ಹಿಂದಿನ ರಾತ್ರಿ ನಿದ್ದೆ ಬಿಡಬೇಡಿ. ಕಲಿತದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ದೆ ಬೇಕೇ ಬೇಕು.

ಕೊನೆಯ ಹೆಜ್ಜೆಯನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಅದೇ ನನಗೆ ಬೇಸರ. ಉತ್ತರಪತ್ರಿಕೆ ಕೈಗೆ ಬಂದಾಗ ಸುಮ್ನೆ ಅಂಕ ನೋಡಿ ಮಡಚಿಡಬೇಡಿ. ಅಂಕ ಹೋದ ಕಡೆಯಲ್ಲೆಲ್ಲ ಕಾರಣ ಬರೆಯಿರಿ: ಓದಿರಲಿಲ್ಲವೋ, ನೆನಪಾಗಲಿಲ್ಲವೋ, ಪ್ರಶ್ನೆಯೇ ಅರ್ಥವಾಗಲಿಲ್ಲವೋ, ಸಮಯ ಸಾಲಲಿಲ್ಲವೋ. ಸಮಯ ಸಾಲದವರು ಗಡಿಯಾರ ಮುಂದಿಟ್ಟುಕೊಂಡು ಹಳೆಯ ಪ್ರಶ್ನೆಪತ್ರಿಕೆ ಬಿಡಿಸಬೇಕು. ಅರ್ಥವಾಗದ್ದನ್ನು ಆ ಕೆಂಪು ಗುರುತಿನ ಹಾಳೆಯ ಸಮೇತ ಅಧ್ಯಾಪಕರ ಹತ್ತಿರ ಒಯ್ಯಿರಿ. ‘ಇಲ್ಲಿಯವರೆಗೆ ಬಂತು, ಈ ಸಾಲಿನಲ್ಲಿ ಸಿಕ್ಕಿಬಿದ್ದೆ’ ಎಂದು ಬೆರಳಿಟ್ಟು ತೋರಿಸಿದರೆ, ಅವರಿಗೂ ಅಲ್ಲಿಂದಲೇ ಹೇಳಿಕೊಡಲು ಸುಲಭ.