ನಮ್ಮ ಫೌಂಡ್ರಿಗೆ ಎಐ ಬಂದಾಗ

ಶಿವಮೊಗ್ಗ ಹತ್ತಿರದ ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ, ಅಂದ್ರೆ ಲೋಹ ಕರಗಿಸಿ ಮರಳಿನ ಅಚ್ಚಿಗೆ ಎರೆಯೋ ಕಾರ್ಖಾನೆಯಲ್ಲಿ, ನಾನು ಎಚ್‌ಆರ್. ಎಲ್ಲರಿಗೂ ಎಐ ಕಲಿಸಿ ಅಂತ ಮೇಲಿನವರು ಹೇಳಿದಾಗ, ಮೊದಲು ಒಂದು ಮಾತು ಬರೆದುಕೊಡಿ ಅಂದೆ. ಯಾರ ಕೆಲಸಕ್ಕೂ ಕುತ್ತಿಲ್ಲ ಅಂತ. ಎಂದೆಂದಿಗೂ ಅಂತ ಬರೆಯಲು ಅವರು ಒಪ್ಪಲಿಲ್ಲ. ಈ ವರ್ಷ ಎಐ ಕಾರಣಕ್ಕೆ ಯಾರನ್ನೂ ತೆಗೆಯಲ್ಲ, ಕೆಲಸ ಬದಲಾದರೆ ಮೊದಲು ತರಬೇತಿ ಅಂತ ಒಪ್ಪಿದರು. ಅಷ್ಟನ್ನೇ ಕನ್ನಡದಲ್ಲಿ ಕ್ಯಾಂಟೀನ್ ಗೋಡೆಗೆ ಅಂಟಿಸಿದೆವು. ಗಡುವು ಹಾಕಿ ಹೇಳಿದ ಮಾತನ್ನೇ ಜನ ಜಾಸ್ತಿ ನಂಬ್ತಾರೆ.

ಆಮೇಲೆ ಇನ್ಸ್‌ಪೆಕ್ಷನ್‌ನವರ ಜೊತೆ ಕೂತು ಅವರ ದಿನದ ಕೆಲಸ ಬಿಡಿಬಿಡಿಯಾಗಿ ಬರೆದೆವು. ಕಾಸ್ಟಿಂಗ್‌ನ (ಎರಕ ಹೊಯ್ದ ಪೀಸಿನ) ತೂತು, ಬಿರುಕು ನೋಡೋದು. ಸುತ್ತಿಗೆಯಿಂದ ತಟ್ಟಿ ಸದ್ದು ಕೇಳೋದು. ಗೇಜ್ ಹಾಕಿ ಅಳತೆ ನೋಡೋದು. ರಿಜೆಕ್ಷನ್ ರಿಪೋರ್ಟ್ ಬರೆಯೋದು. ಗ್ರಾಹಕರ ಇಂಗ್ಲಿಷ್ ಮೇಲ್‌ಗೆ ಉತ್ತರ ಕೊಡೋದು. ಕೊನೆಯ ಎರಡು ಅಂದ್ರೆ ಎಲ್ಲರಿಗೂ ತಲೆನೋವು. ಅಲ್ಲಿಂದಲೇ ಶುರು ಮಾಡಿದೆವು, ಅದೂ ಶಿಫ್ಟ್ ಒಳಗೇ. ಡ್ಯೂಟಿ ಮುಗಿದ ಮೇಲೆ ಕ್ಲಾಸ್ ಅಂದರೆ ಭದ್ರಾವತಿ ಬಸ್ ಹಿಡಿಯೋರು ಯಾಕೆ ಕೂರ್ತಾರೆ?

ಒಂದು ದಿನ ಬ್ಲೋ ಹೋಲ್ (ಎರಕದೊಳಗೆ ಗಾಳಿ ಸಿಕ್ಕಿಕೊಂಡು ಆಗೋ ತೂತು) ಯಾಕೆ ಬರುತ್ತೆ ಅಂತ ಟ್ರೈನಿ ಹುಡುಗ ಫೋನಲ್ಲೇ ಎಐನ ಕನ್ನಡದಲ್ಲಿ ಕೇಳಿದ. ಮರಳಿನಲ್ಲಿ ತೇವ ಜಾಸ್ತಿ, ಗಾಳಿ ಹೋಗಲು ದಾರಿ ಇಲ್ಲ ಅಂತೆಲ್ಲ ಉತ್ತರ ಬಂತು. ತಪ್ಪೇನಿಲ್ಲ. ಪಕ್ಕದಲ್ಲಿದ್ದ ಹಿರಿಯರು ಕೇಳಿದರು: "ಯಾವ ಶಿಫ್ಟ್‌ನ ಪೀಸು ಅಂತ ಕೇಳ್ತೇನೋ ಅದು? ಆರಿದ್ರಾ ಮಳೆ ಹೊಡೀತಿದೆ, ಶೆಡ್ ಸೋರ್ತಿದೆ ಅಂತ ಹೇಳಿದ್ಯಾ?" ಹುಡುಗ ಅದನ್ನೂ ಸೇರಿಸಿ ಮತ್ತೆ ಕೇಳಿದ. ಈ ಸಲ ಉತ್ತರದಲ್ಲಿ ತೇವ ಅಳೆಯೋದು ಮೊದಲಿಗೆ ಬಂತು. ಅವತ್ತಿನಿಂದ ಒಬ್ಬ ಹಿರಿಯರು, ಒಬ್ಬ ಟ್ರೈನಿ ಅಂತ ಜೋಡಿ ಮಾಡಿದೆವು. ಟೈಪ್ ಮಾಡೋದು ಹುಡುಗ, ಸಹಿ ಹಾಕೋದು ಹಿರಿಯರು.

ಚಾಟ್‌ಜಿಪಿಟಿ ಬಂದಿದ್ದು 2022ರ ನವೆಂಬರ್‌ನಲ್ಲಿ. ನಾವು ಕಲಿಸೋಕೆ ಮೊದಲೇ ಹುಡುಗರು ಕದ್ದುಮುಚ್ಚಿ ಬಳಸ್ತಿದ್ದರು, ಸುಮ್ನೆ ಬೈದರೆ ನಿಲ್ಲಲ್ಲ ಅಲ್ವಾ? ಹಾಗಾಗಿ ಆಧಾರ್, ಸಂಬಳದ ಚೀಟಿ, ಗ್ರಾಹಕರ ಡ್ರಾಯಿಂಗ್ ಇದಕ್ಕೆ ಹಾಕಂಗಿಲ್ಲ ಅಂತ ನಿಯಮ ಮಾಡಿದೆವು. ಜನರ ಮಾಹಿತಿ ಕಾಪಾಡಲು 2023ರಲ್ಲೇ ಕಾಯ್ದೆ ಆಗಿದೆ. ನಿಯಮ ಎಚ್‌ಆರ್‌ಗೂ ಅನ್ವಯ. ಯಾರಿಗೆ ಬಡ್ತಿ ಅಂತ ನಾನು ಎಐನ ಕೇಳಲ್ಲ.

ಈಗ ಕ್ಯಾಮೆರಾದಲ್ಲೇ ಇನ್ಸ್‌ಪೆಕ್ಷನ್ ಮಾಡಿಸೋ ಮಾತು ನಡೀತಿದೆ. ಯಾವುದು ಬ್ಲೋ ಹೋಲ್, ಯಾವುದು ಬರೀ ಮರಳಿನ ಗುರುತು ಅಂತ ಫೋಟೊಗಳಲ್ಲಿ ಯಾರಾದರೂ ಗುರುತು ಮಾಡಿ ಕೊಡಲೇಬೇಕು. ಆ ಕೆಲಸ ನಮ್ಮ ಇನ್ಸ್‌ಪೆಕ್ಟರ್‌ಗಳಿಗೇ ಸಿಗಬೇಕು, ಅದಕ್ಕೆ ಮೇಲಿನ ಗ್ರೇಡ್ ಕೊಡಬೇಕು ಅಂತ ಬರೆದುಕೊಟ್ಟಿದ್ದೇನೆ. ಕೆಲಸ ಕೊಡಲು ಒಪ್ಪಿದ್ದಾರೆ. ಗ್ರೇಡ್ ವಿಷಯಕ್ಕೆ ಇನ್ನೂ ಜಗ್ಗಾಟ ನಡೀತಿದೆ.