ಆಕ್ಸೊಲಾಟಲ್ ತೊಟ್ಟಿಗೆ ಆಂಟಿ ಕ್ಲೋರಿನ್ ಆರಿಸಿದ್ದು

ಕೇಂದ್ರ ಪರಿಸರ ಸಚಿವಾಲಯದ ಪೋರ್ಟಲ್ ಪರಿವೇಷ್‌ನಲ್ಲಿ ನೋಂದಣಿ ಮಾಡಿಸಿ ಬೆಂಗಳೂರಿನ ನಮ್ಮ ಮನೆಯಲ್ಲಿ ಒಂದು ಆಕ್ಸೊಲಾಟಲ್ ಸಾಕಿದ್ದೇನೆ. ಇದು ಜೀವನಪೂರ್ತಿ ನೀರಿನಲ್ಲೇ ಇರುವ ಒಂದು ಬಗೆಯ ಸಲಮಾಂಡರ್. ಅದರ ತಲೆಯ ಎರಡೂ ಪಕ್ಕ ಗರಿಯಂಥ ಕಿವಿರು. ಮೀನಿಗಿರುವ ಹುರುಪೆ ಇದಕ್ಕಿಲ್ಲ, ಬರೀ ತೆಳು ಚರ್ಮ. ಆ ಚರ್ಮದಿಂದಲೂ ಉಸಿರಾಡುತ್ತದೆ. ನೀರಿಗೆ ಏನು ಹಾಕಿದರೂ ಅದರ ಮೈಗೇ ಹಾಕಿದ ಹಾಗೆ. ಅದಕ್ಕೇ ನೀರಿನ ಕ್ಲೋರಿನ್ ತೆಗೆಯುವ ಆಂಟಿ ಕ್ಲೋರಿನ್ ಕೊಳ್ಳುವಾಗ ಬಾಟಲಿಯಲ್ಲಿ ಬೇಡದ್ದು ಏನಿದೆ ಅಂತಲೇ ಮೊದಲು ನೋಡಿದೆ.

ಅಂಗಡಿಯಲ್ಲಿ ಸಿಗುವುದು ಜಾಸ್ತಿ ಮೀನಿಗೆ ಮಾಡಿದ್ದು. ಏಪಿಐ ಸ್ಟ್ರೆಸ್ ಕೋಟ್ ಥರದವುಗಳಲ್ಲಿ ಅಲೋವೆರಾ ಇರುತ್ತದೆ. ಮೀನಿಗೆ ಸರಿ, ಆದರೆ ಆಕ್ಸೊಲಾಟಲ್ ಸಾಕುವವರು ಅದನ್ನು ಬಳಸುವುದಿಲ್ಲ. ನಾನೂ ಬಿಟ್ಟೆ.

ಇನ್ನು ನೀರು. ನಮ್ಮ ಸಂಪಿಗೆ ಕಾವೇರಿ ನೀರೂ ಬೀಳುತ್ತದೆ, ಟ್ಯಾಂಕರ್ ನೀರೂ ಬೀಳುತ್ತದೆ. ಇವತ್ತಿನ ನೀರು ನಾಳೆ ಇರುವುದಿಲ್ಲ. ಹಾಗಾಗಿ ನೀರಿನಲ್ಲಿ ಕ್ಲೋರಿನ್ ಇದೆಯೇ ಅಂತ ತೋರಿಸುವ ಓಟಿ (ಆರ್ಥೊಟೊಲಿಡಿನ್) ಟೆಸ್ಟ್ ಇಟ್ಟುಕೊಂಡೆ. ಗಾಜಿನ ಕೊಳವೆಗೆ ನೀರು ತುಂಬಿ ಹನಿ ಬಿಟ್ಟರೆ, ಕ್ಲೋರಿನ್ ಇದ್ದಾಗ ಹಳದಿ ತಿರುಗುತ್ತದೆ. ಸಂಪಿನಲ್ಲಿ ನಿಂತ ನೀರಿಗೆ ಬಣ್ಣವೇ ಬರುವುದಿಲ್ಲ. ಕಾವೇರಿ ಬಿಟ್ಟಾಗ ನೇರ ನಲ್ಲಿಯಿಂದ ಹಿಡಿದರೆ ಬರುತ್ತದೆ.

ಕೊನೆಗೆ ಆರಿಸಿದ್ದು ಸೋಡಿಯಂ ಥಯೋಸಲ್ಫೇಟ್, ಅಕ್ವೇರಿಯಂ ಅಂಗಡಿಯವರ ಬಾಯಲ್ಲಿ ಹೈಪೋ. ಸಕ್ಕರೆ ಹರಳಿನಂತಿರುತ್ತದೆ, ತುಂಬಾ ಅಗ್ಗ, ಬೇರೇನೂ ಬೆರೆಸಿರುವುದಿಲ್ಲ. 1 ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು 7 ಮಿಲಿಗ್ರಾಂ ಹೈಪೋ ಬೇಕು. ಒಂದು ಲೀಟರ್ ನೀರಿಗೆ 10 ಗ್ರಾಂ ಕರಗಿಸಿಟ್ಟುಕೊಂಡರೆ ಲೆಕ್ಕ ಸುಲಭ. ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಇರುವ 20 ಲೀಟರ್ ಬಕೆಟ್‌ಗೆ ಈ ದ್ರಾವಣ 7 ಮಿಲಿಲೀಟರ್ ಸಾಕು. ನಾನು ಒಂಚೂರು ಜಾಸ್ತಿಯೇ ಹಾಕುತ್ತೇನೆ. ಬೆರೆಸುವುದು ಬಕೆಟ್‌ನಲ್ಲೇ, ತೊಟ್ಟಿಯಲ್ಲಿ ಅಲ್ಲ. ಕದಡಿ, ಮತ್ತೆ ಟೆಸ್ಟ್ ಮಾಡಿ, ಹಳದಿ ಬರಲಿಲ್ಲ ಅಂದಮೇಲೇ ತೊಟ್ಟಿಗೆ ಸುರಿಯುತ್ತೇನೆ.

ಆದರೆ ಎಲ್ಲ ಊರಿಗೂ ಹೈಪೋ ಸಾಕಾಗುವುದಿಲ್ಲ. ಅಮೆರಿಕದ ಎಷ್ಟೋ ಊರುಗಳಲ್ಲಿ ನೀರಿಗೆ ಕ್ಲೋರಮಿನ್, ಅಂದರೆ ಕ್ಲೋರಿನ್ ಜೊತೆ ಅಮೋನಿಯಾ ಸೇರಿದ್ದು, ಹಾಕುತ್ತಾರೆ. ಅದು ನೀರನ್ನು ಒಂದು ದಿನ ಸುಮ್ನೆ ಇಟ್ಟರೆ ಹೋಗುವಂಥದ್ದಲ್ಲ. ಹೈಪೋ ಅದನ್ನು ಒಡೆದರೂ ಅಮೋನಿಯಾ ಉಳಿಯುತ್ತದೆ. ಅಲ್ಲಿರುವವರು ಸೀಕೆಮ್ ಪ್ರೈಮ್‌ನಂತೆ ಅಮೋನಿಯಾಗೂ ಅಂತ ಮಾಡಿದ್ದನ್ನು ನೋಡಬೇಕು. ತೊಟ್ಟಿಯ ಫಿಲ್ಟರ್ ಚೆನ್ನಾಗಿ ಪಳಗಿರಲೇಬೇಕು, ಅಂದರೆ ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದಿರಬೇಕು.

ಆಮೆ ಸಾಕುವವರಿಗೂ ಒಂದು ಮಾತು. ಆಮೆಯ ಚರ್ಮ ಗಟ್ಟಿ, ಅಷ್ಟು ಬೇಗ ತೊಂದರೆಯಾಗುವುದಿಲ್ಲ. ಆದರೂ ಅದರ ತೊಟ್ಟಿಗೂ ಕ್ಲೋರಿನ್ ತೆಗೆದೇ ನೀರು ಹಾಕಿ. ಇಲ್ಲವಾದರೆ ಫಿಲ್ಟರ್‌ನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಇನ್ನು ಆರ್‌ಓ ನೀರು ಹಾಕಿದರೆ ಈ ತಲೆನೋವೇ ಇಲ್ಲ ಅಲ್ವಾ ಅಂತ ಕೇಳುವವರಿದ್ದಾರೆ. ಅದರಲ್ಲಿ ಲವಣಗಳು ತೀರಾ ಕಡಿಮೆ. ಆಕ್ಸೊಲಾಟಲ್‌ಗೆ ಗಡಸು ನೀರೇ ಹಿತ.